1969ರ ಕಮಾರೊ ಝಡ್/28, ಮಸ್ಟ್ಯಾಂಗ್ ಬಾಸ್ 302: ಸಂಗ್ರಹಕ್ಕೆ ಯಾವುದು ಲಾಭ?

ಸಂಗ್ರಹಕ್ಕೆಂದು ಮೊದಲ ಬಾರಿ ಹಳೆಯ ಅಮೆರಿಕನ್ ಕಾರು ಕೊಳ್ಳುವವರು 1969ರ ಶೆವ್ರೊಲೆ ಕಮಾರೊ ಝಡ್/28 ಮತ್ತು ಫೋರ್ಡ್ ಮಸ್ಟ್ಯಾಂಗ್ ಬಾಸ್ 302, ಇವೆರಡರಲ್ಲಿ ಯಾವುದನ್ನು ಆರಿಸಬೇಕು, ಯಾವುದರ ಬೆಲೆ ಹೆಚ್ಚು ಏರುತ್ತದೆ ಎಂದು ನೀವು ಕೇಳಿದ್ದೀರಿ. ಕ್ಯಾಲಿಫೋರ್ನಿಯಾದಲ್ಲಿ ಉದ್ಯೋಗದಲ್ಲಿದ್ದಾಗ ನಾನೂ ಇದೇ ಎರಡು ಕಾರುಗಳ ನಡುವೆ ತಿಂಗಳುಗಟ್ಟಲೆ ತೂಗಾಡಿ, ಕೊನೆಗೆ ಕಮಾರೊ ಕೊಂಡು ಕೈ ಸುಟ್ಟುಕೊಂಡೆ.

ಎರಡೂ ಹುಟ್ಟಿದ್ದು ಅಮೆರಿಕದ ಟ್ರಾನ್ಸ್-ಆ್ಯಮ್ ಎಂಬ ಕಾರ್ ರೇಸ್ ಸರಣಿಗಾಗಿ. ಅಲ್ಲಿನ ಐದು ಲೀಟರ್ ಮಿತಿಗೆ ಹೊಂದುವಂತೆ ಎರಡೂ ಕಂಪನಿಗಳು 302 ಘನ ಇಂಚಿನ ವಿ8 ಎಂಜಿನ್ ಕೂರಿಸಿ, ಎರಡೂ 290 ಅಶ್ವಶಕ್ತಿಯೆಂದೇ ಘೋಷಿಸಿದವು. ಆ ವರ್ಷ ಬಾಸ್ 1,628 ತಯಾರಾದರೆ ಝಡ್/28 20,302 ತಯಾರಾದವು. ಬಾಸ್ ಹೆಚ್ಚು ಅಪರೂಪವೆಂಬ ಈ ಲೆಕ್ಕ ಗೊತ್ತಿದ್ದೂ, 1968 ಮತ್ತು 1969ರಲ್ಲಿ ಆ ಸರಣಿಯನ್ನು ರೇಸ್ ಚಾಲಕ ಮಾರ್ಕ್ ಡಾನಹ್ಯೂ ಗೆದ್ದ ನೀಲಿ ಕಮಾರೊದ ಮೋಹ ನನ್ನನ್ನು ಬಿಡಲಿಲ್ಲ.

ಮಾರುವವರು ಎಂಜಿನ್ ಕಾರ್ಖಾನೆಯಿಂದ ಕಾರಿನ ಜೊತೆಗೇ ಬಂದ ಮೂಲದ್ದೇ ಎಂದರು. ಎಂಜಿನ್ನಿನ ಬಲಬದಿಯ ಸಿಲಿಂಡರ್ ಹೆಡ್‌ನ ಮುಂದಿರುವ ಸಮತಟ್ಟಾದ ಜಾಗದಲ್ಲಿ ಝಡ್/28ರ ಎಂಜಿನ್ ಎಂದು ಸೂಚಿಸುವ ಡಿಝಡ್ ಎಂಬ ಸಂಕೇತವೂ ಚಾಸಿ ನಂಬರಿನ ಕೊನೆಯ ಅಂಕಿಗಳೂ ಇದ್ದವು. ನಾನು ತಾಳೆ ನೋಡಿದೆ, ಸರಿಹೊಂದಿತು, ಹಣ ಕೊಟ್ಟೆ. ತಪ್ಪಾದದ್ದು ಇಲ್ಲಿಯೇ: ನಾನು ಅಂಕಿಗಳನ್ನು ಓದಿದೆನೇ ಹೊರತು ಅವುಗಳ ಕೆಳಗಿನ ಲೋಹವನ್ನು ನೋಡಲಿಲ್ಲ. ಕಾರ್ಖಾನೆಯ ಯಂತ್ರ ಆ ಜಾಗವನ್ನು ಹೆರೆದು ಸಮ ಮಾಡಿದಾಗ ಬ್ರೋಚ್ ಗೆರೆಗಳೆಂಬ ಸಣ್ಣ ಸಮಾನಾಂತರ ಗೀರುಗಳು ಉಳಿಯುತ್ತವೆ ಮತ್ತು ಅಂಕಿಗಳು ಅವುಗಳ ಮೇಲೆಯೇ ಒತ್ತಿರುತ್ತವೆ. ನನ್ನ ಎಂಜಿನ್ನಿನಲ್ಲಿ ಆ ಜಾಗ ನುಣ್ಣಗಿತ್ತು. ಯಾರೋ ಅದನ್ನು ಉಜ್ಜಿ ಹೊಸದಾಗಿ ಅಂಕಿ ಒತ್ತಿದ್ದರು. ಬಾಡಿಗೆ ಹಚ್ಚಿದ ಲೋಹದ ಫಲಕದಲ್ಲಿ ಕಾರು ತಯಾರಾದ ತಿಂಗಳೆಂದು ಇದ್ದದ್ದು ಏಪ್ರಿಲ್. ಎಂಜಿನ್ನಿನ ಮುಖ್ಯ ಎರಕವಾದ ಬ್ಲಾಕ್‌ನ ಹಿಂಬದಿಯಲ್ಲಿ ಎರಕದ ದಿನಾಂಕ ಎಫ್ 12 9, ಅಂದರೆ 1969ರ ಜೂನ್ 12. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದ ಹಾಗೆ, ಎಂಜಿನ್ ಎರಕವಾಗುವ ಮುನ್ನವೇ ಕಾರು ತಯಾರಾಗಿತ್ತು! ಅದೇ ಎರಕದ ಬ್ಲಾಕ್ ಸಾಮಾನ್ಯ 350 ಘನ ಇಂಚಿನ ಎಂಜಿನ್ನಿಗೂ ಬಳಕೆಯಾಗಿದ್ದರಿಂದ ಹೊರನೋಟಕ್ಕೆ ವ್ಯತ್ಯಾಸ ಕಾಣುವುದಿಲ್ಲ.

ಇದು ನಿಜವಾಗಿ ಝಡ್/28 ಹೌದೇ ಎಂಬುದನ್ನೂ ಸಾಬೀತುಪಡಿಸಲು ನನಗೆ ಆಗಲಿಲ್ಲ. ಕಮಾರೊದ ಚಾಸಿ ನಂಬರ್ ವಿ8 ಎಂದಷ್ಟೇ ಹೇಳುತ್ತದೆ. ಓಹಿಯೊದ ನಾರ್ವುಡ್ ಕಾರ್ಖಾನೆ 1968ರ ಡಿಸೆಂಬರ್‌ನಿಂದ ಝಡ್/28 ಆಗಿದ್ದರೆ ಫಲಕದ ಮೇಲೆ ಎಕ್ಸ್33 ಅಥವಾ ಎಕ್ಸ್77 ಎಂಬ ಗುರುತು ಒತ್ತುತ್ತಿತ್ತು. ನನ್ನದು ಕ್ಯಾಲಿಫೋರ್ನಿಯಾದ ವ್ಯಾನ್ ನೈಸ್ ಕಾರ್ಖಾನೆಯಲ್ಲಿ ತಯಾರಾದ ಕಾರು, ಅಲ್ಲಿ ಆ ಪದ್ಧತಿಯಿರಲಿಲ್ಲ.

ಆದ್ದರಿಂದ ಯಾವುದರ ಬೆಲೆ ಹೆಚ್ಚು ಏರುತ್ತದೆ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಮೊದಲ ಬಾರಿ ಕೊಳ್ಳುವವರು ಸುಳ್ಳು ಹೇಳಲು ಕಷ್ಟವಾದ ಕಾರನ್ನು ಕೊಳ್ಳಬೇಕು, ಅದು ಬಾಸ್. ಅದರ ಚಾಸಿ ನಂಬರಿನ ಐದನೆಯ ಅಕ್ಷರ ಜಿ ಆಗಿದ್ದರೆ ಅದು ಬಾಸ್ 302 ಎಂಜಿನ್ನಿನೊಂದಿಗೆ ಹೊರಬಂದದ್ದು. ಜೊತೆಗೆ ಫೋರ್ಡ್‌ನ ತಯಾರಿಕಾ ದಾಖಲೆಗಳನ್ನು ಆಧರಿಸಿದ ಮಾರ್ಟಿ ರಿಪೋರ್ಟ್ ತರಿಸಿಕೊಳ್ಳಬಹುದು. ಕಮಾರೊವೇ ಬೇಕೆಂದರೆ ನಾರ್ವುಡ್‌ನದನ್ನು, ಹಳೆಯ ಕಾಗದಪತ್ರಗಳಿದ್ದರೆ ಮಾತ್ರ ನೋಡಿ. ಫಲಕಗಳನ್ನೂ ನಕಲು ಮಾಡುತ್ತಾರೆ. ನೋಡಲು ಹೋಗುವಾಗ ಟಾರ್ಚ್ ಮತ್ತು ಹಿಡಿಯಿರುವ ಸಣ್ಣ ಕನ್ನಡಿ ಒಯ್ಯಿರಿ, ಬ್ಲಾಕ್‌ನ ಹಿಂಬದಿಯ ದಿನಾಂಕ ಬರಿಗಣ್ಣಿಗೆ ಸುಲಭವಾಗಿ ಸಿಗುವುದಿಲ್ಲ.