ಎಲ್ಲ ಇದ್ದಿಲೂ 99% ಎಂದರೆ ಯಾವುದು ಒಳ್ಳೆಯದು?

ಪ್ರಶ್ನೆ: ಅಡಿಕೆ ಸಿಪ್ಪೆಯನ್ನು ಫಾಸ್ಫಾರಿಕ್ ಆಮ್ಲದಲ್ಲಿ ನೆನೆಸಿ, ಕುಲುಮೆಯಲ್ಲಿ ಕಾಯಿಸಿ ಸಕ್ರಿಯ ಇದ್ದಿಲು (ಸಣ್ಣ ರಂಧ್ರಗಳಿಂದ ಬಣ್ಣ, ಕೊಳೆ ಹೀರುವ ಇದ್ದಿಲು) ಮಾಡಿದ್ದೇವೆ. ಲೀಟರಿಗೆ 50 ಮಿ.ಗ್ರಾಂ ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣ ಇರುವ 50 ಮಿ.ಲೀ. ದ್ರಾವಣಕ್ಕೆ 0.1 ಗ್ರಾಂ ಇದ್ದಿಲು ಹಾಕಿದರೆ ಎಲ್ಲ ಮಾದರಿಗಳೂ 98–99% ಬಣ್ಣ ಹೀರುತ್ತವೆ. ಯಾವುದನ್ನು ಆರಿಸಲಿ?
– ಎಂ.ಎಸ್ಸಿ. ವಿದ್ಯಾರ್ಥಿನಿ, ಶಂಕರಘಟ್ಟ

ಉತ್ತರ: ಸದ್ಯಕ್ಕೆ ಯಾವುದನ್ನೂ ಆರಿಸಬೇಡಿ. ಲೆಕ್ಕ ಹಾಕಿ ನೋಡಿ: ನಿಮ್ಮ ಫ್ಲಾಸ್ಕಿನಲ್ಲಿರುವ ಬಣ್ಣವೇ 2.5 ಮಿ.ಗ್ರಾಂ. ಅಂದರೆ ಗ್ರಾಂ ಇದ್ದಿಲಿಗೆ 25 ಮಿ.ಗ್ರಾಂ ಮಾತ್ರ. ಅಷ್ಟನ್ನೇ ಹೀರಬಲ್ಲ ಇದ್ದಿಲಿಗೂ ಅದರ ಹತ್ತುಪಟ್ಟು ಹೀರುವ ಇದ್ದಿಲಿಗೂ ಇಲ್ಲಿ ಒಂದೇ ಅಂಕ ಬೀಳುತ್ತದೆ. ದ್ರಾವಣವನ್ನು ಲೀಟರಿಗೆ 250 ಮಿ.ಗ್ರಾಂಗೆ ಏರಿಸಿ, ಇದ್ದಿಲನ್ನು 0.05 ಗ್ರಾಂಗೆ ಇಳಿಸಿ, 24 ಗಂಟೆ ಅಲುಗಾಡಿಸಿ. ಆಗ ಗ್ರಾಂಗೆ 250 ಮಿ.ಗ್ರಾಂವರೆಗೆ ವ್ಯತ್ಯಾಸ ಕಾಣುತ್ತದೆ. ಅದೂ ತಿಳಿಯಾದರೆ ಬಣ್ಣ ಇನ್ನೂ ಹೆಚ್ಚಿಸಿ.

ಸೋಸುಕಾಗದ ಬಳಸಬೇಡಿ, ಕಾಗದವೇ ಮೆಥಿಲೀನ್ ಬ್ಲೂ ಕುಡಿಯುತ್ತದೆ. ಸೆಂಟ್ರಿಫ್ಯೂಜ್ ಮಾಡಿ (ವೇಗವಾಗಿ ತಿರುಗಿಸಿ ಇದ್ದಿಲನ್ನು ತಳಕ್ಕಿಳಿಸಿ). ಇದ್ದಿಲಿಲ್ಲದ ಒಂದು ಫ್ಲಾಸ್ಕನ್ನೂ ಜೊತೆಗಿಡಿ, ಗಾಜಿಗೆ ಅಂಟಿದ ಬಣ್ಣ ಎಷ್ಟೆಂದು ಗೊತ್ತಾಗುತ್ತದೆ. ಉಳಿದ ಬಣ್ಣವನ್ನು 664 ನ್ಯಾನೋಮೀಟರ್ ತರಂಗಾಂತರದ ಬೆಳಕಿನಲ್ಲಿ ಅಳೆಯುವಾಗ, ದ್ರಾವಣ ಬೆಳಕು ಹೀರುವ ಅಂಕಿ (ಅಬ್ಸಾರ್ಬೆನ್ಸ್) 1 ದಾಟದಂತೆ ತೆಳುಮಾಡಿ.

ತಯಾರಿಕೆಯಲ್ಲಿ ಒಂದೊಂದೇ ಅಂಶ ಬದಲಿಸುತ್ತಾ ಹೋದರೆ ಆಮ್ಲವೂ ಶಾಖವೂ ಪರಸ್ಪರ ಮಾಡುವ ಪರಿಣಾಮ ಕೈತಪ್ಪುತ್ತದೆ. ಆಮ್ಲ ಸಿಪ್ಪೆಯ ಒಂದುಪಟ್ಟು ಮತ್ತು ಎರಡುಪಟ್ಟು, ಶಾಖ 400 ಮತ್ತು 600 ಡಿಗ್ರಿ, ಅವಧಿ 30 ಮತ್ತು 90 ನಿಮಿಷ: ಎಲ್ಲ ಜೋಡಣೆ ಸೇರಿ 8 ಪ್ರಯೋಗ. ನಡುವಿನ ಬಿಂದುವಿನಲ್ಲಿ (ಒಂದೂವರೆಪಟ್ಟು, 500 ಡಿಗ್ರಿ, 60 ನಿಮಿಷ) ಇನ್ನೂ 3. ಈ ಮೂರರ ನಡುವೆಯೇ ಇರುವ ಏರುಪೇರಿಗಿಂತ ಚಿಕ್ಕ ವ್ಯತ್ಯಾಸವನ್ನು ನಂಬಬೇಡಿ. ಈ 11 ಪ್ರಯೋಗಗಳ ಕ್ರಮವನ್ನು ಚೀಟಿ ಎತ್ತಿ ನಿರ್ಧರಿಸಿ.

ಬಾಟಲಿಯ ಆಮ್ಲ 85% ಮಾತ್ರ. 10 ಗ್ರಾಂ ಸಿಪ್ಪೆಗೆ ಎರಡುಪಟ್ಟು ಎಂದರೆ 20 ಅಲ್ಲ, 23.5 ಗ್ರಾಂ ತೂಗಬೇಕು. ಕಾಯಿಸುವಾಗ ಮುಚ್ಚಳ ಬಿಗಿಯಾಗಿರದಿದ್ದರೆ ಗಾಳಿ ಹೊಕ್ಕು ಬೂದಿಯೇ ಹೆಚ್ಚಾಗುತ್ತದೆ. ಆಮೇಲೆ ತೊಳೆದ ನೀರಿನ ಪಿಎಚ್ 6–7ಕ್ಕೆ ಬಂದು ನಿಲ್ಲುವವರೆಗೂ ಬಿಸಿನೀರಲ್ಲಿ ತೊಳೆಯಿರಿ. ಆಮ್ಲ ಉಳಿದರೆ ಒಳ್ಳೆಯ ಇದ್ದಿಲೂ ಕೆಟ್ಟದಾಗಿ ಕಾಣುತ್ತದೆ.

ಪ್ರಶ್ನೆ: ಹಸಿ ಅಡಿಕೆ ಸುಲಿದ ಸಿಪ್ಪೆಯನ್ನೂ ಚಾಲಿ ಸಿಪ್ಪೆಯನ್ನೂ ಬೆರೆಸಬಹುದೇ?
– ಸಾಗರದ ಓದುಗರು

ಉತ್ತರ: ಬೇಡ. ಒಂದು ಎಳೆಯ ಕಾಯಿಯದು, ಇನ್ನೊಂದು ಹಣ್ಣಾಗಿ ಅಂಗಳದಲ್ಲಿ ಒಣಗಿದ್ದು. ಒಂದೇ ರಾಶಿಯಿಂದ ಪೂರ್ತಿ ಕೆಲಸಕ್ಕಾಗುವಷ್ಟು ತಂದು, ಪುಡಿಮಾಡಿ, ಬೆರೆಸಿ, 105 ಡಿಗ್ರಿಯಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ, ಗಾಳಿಯಾಡದ ಡಬ್ಬಿಯಲ್ಲಿಡಿ. ನಮ್ಮ ಮಳೆಗಾಲದಲ್ಲಿ ತೆರೆದಿಟ್ಟ ಪುಡಿ ಬೇಗ ತೇವ ಎಳೆಯುತ್ತದೆ, ಆಮ್ಲದ ಲೆಕ್ಕವೂ ಅದರೊಂದಿಗೆ ತಪ್ಪುತ್ತದೆ.