ಟಾರ್ನೀಟ್‌ನಲ್ಲಿ ಪೊಡಿಯಾಟ್ರಿ ಕ್ಲಿನಿಕ್: ಜನಸಂಖ್ಯೆ ನೋಡಿ ಮೋಸಹೋಗಬೇಡಿ

ನಿಮ್ಮ ಮನೆಯವರು ಪೊಡಿಯಾಟ್ರಿ (ಪಾದದ ಚಿಕಿತ್ಸೆ) ಓದಿ ರಿಜಿಸ್ಟ್ರೇಷನ್ ಮುಗಿಸಿದ್ದಾರೆ. ಮೆಲ್ಬರ್ನ್‌ನ ಟಾರ್ನೀಟ್‌ನಲ್ಲಿ ನಮ್ಮವರೇ ತುಂಬಿದ್ದಾರಲ್ಲ, ಅಲ್ಲೇ ಕ್ಲಿನಿಕ್ ತೆರೆಯಬಹುದೇ ಎಂದು ಕೇಳಿದ್ದೀರಿ. ಬಾಡಿಗೆ ಕರಾರಿಗೆ ಸಹಿ ಹಾಕುವ ಮೊದಲು ಈ ಲೆಕ್ಕ ಮಾಡಿ.

ದಿನಕ್ಕೆ 12 ಜನರಂತೆ ವಾರಕ್ಕೆ 4 ದಿನ ನೋಡಿದರೆ 48 ಅಪಾಯಿಂಟ್‌ಮೆಂಟ್. ದಪ್ಪಗಾದ ಉಗುರು, ಆಣಿ ತೆಗೆಸಲು ಬರುವ ಹಿರಿಯರು 6 ವಾರಕ್ಕೊಮ್ಮೆ ಬಂದರೂ ಅಂಥ 288 ಜನ ಇದ್ದರೆ ಕುರ್ಚಿ ಖಾಲಿ ಇರುವುದಿಲ್ಲ. ಹಿಮ್ಮಡಿ ನೋವಿನ ಯುವಕರು, ಆಟವಾಡಿ ಕಾಲು ನೋಯಿಸಿಕೊಂಡ ಮಕ್ಕಳು ಹಾಗಲ್ಲ. ಮೂರು ನಾಲ್ಕು ಸಲ ಬಂದು, ಗುಣವಾದ ಮೇಲೆ ತಿರುಗಿ ನೋಡುವುದಿಲ್ಲ. ಅವರನ್ನೇ ನಂಬಿದರೆ ಪ್ರತಿ ವಾರ 12ರಿಂದ 16 ಹೊಸಬರು ಬೇಕು. ಟಾರ್ನೀಟ್ ಚಿಕ್ಕ ವಯಸ್ಸಿನವರ ಊರು. ಜನ ಎಷ್ಟಿದ್ದರೂ ತೊಡಕು ಅಲ್ಲೇ.

2021ರ ಸೆನ್ಸಸ್‌ನ ಕ್ವಿಕ್‌ಸ್ಟ್ಯಾಟ್ಸ್ (ಊರೂರಿನ ಅಂಕಿಅಂಶ ಕೊಡುವ ವೆಬ್ ಪುಟ) ತೆರೆದು 65 ದಾಟಿದವರು ಎಷ್ಟು, ಸಕ್ಕರೆ ಕಾಯಿಲೆ ಇದೆ ಎಂದವರು ಎಷ್ಟು ನೋಡಿ. ಪಕ್ಕದ ಹಾಪರ್ಸ್ ಕ್ರಾಸಿಂಗ್, ವೆರಿಬೀ ಜೊತೆ ಹೋಲಿಸಿ. ನಮ್ಮ ಕಡೆಯವರಿಗೆ ಸಕ್ಕರೆ ಕಾಯಿಲೆ ಬೇಗ ಬರುತ್ತದೆ, ಅದು ನಿಮಗೆ ಅನುಕೂಲ ನಿಜ. ಆದರೆ ಮೊಮ್ಮಕ್ಕಳನ್ನು ನೋಡಿಕೊಳ್ಳಲು ವಿಸಿಟರ್ ವೀಸಾದಲ್ಲಿ ಬಂದ ಅಪ್ಪ ಅಮ್ಮಂದಿರನ್ನು ಲೆಕ್ಕಕ್ಕೆ ಹಿಡಿಯಬೇಡಿ. ಅವರಿಗೆ ಮೆಡಿಕೇರ್ (ಆಸ್ಟ್ರೇಲಿಯಾ ಸರ್ಕಾರದ ಆರೋಗ್ಯ ವಿಮೆ) ಇಲ್ಲ. ಕೈಯಿಂದ ಡಾಲರ್ ಕೊಡಬೇಕೆಂದರೆ, ಬೆಂಗಳೂರಿಗೆ ಹೋದಾಗ ತೋರಿಸಿದರಾಯಿತು ಎನ್ನುತ್ತಾರೆ.

ದುಡ್ಡು ಯಾರು ಕೊಡುತ್ತಾರೆ ಎಂಬಲ್ಲೇ ಹಲವರು ಎಡವುವುದು. ದೀರ್ಘಕಾಲದ ಕಾಯಿಲೆಗೆ ಜಿಪಿ (ಫ್ಯಾಮಿಲಿ ಡಾಕ್ಟರ್) ಚಿಕಿತ್ಸೆಯ ಪ್ಲಾನ್ ಮಾಡಿಕೊಟ್ಟರೆ ಮೆಡಿಕೇರ್ ವರ್ಷಕ್ಕೆ 5 ಭೇಟಿಗೆ ರಿಬೇಟ್ (ಶುಲ್ಕಕ್ಕೆ ವಾಪಸ್ ಸಿಗುವ ಹಣ) ಕೊಡುತ್ತದೆ. ಆ ಐದೂ ನಿಮ್ಮದಲ್ಲ. ಫಿಸಿಯೋ, ಡಯಟಿಷಿಯನ್ ಎಲ್ಲರಿಗೂ ಸೇರಿ ಐದು. ನಿಮ್ಮ ಪಾಲಿಗೆ ಒಂದೋ ಎರಡೋ ಎಂದು ಹಿಡಿಯಿರಿ. ಮಿಕ್ಕಿದ್ದು ಅವರ ಜೇಬಿನಿಂದ, ಇಲ್ಲವೇ ಖಾಸಗಿ ವಿಮೆಯ ಎಕ್ಸ್‌ಟ್ರಾಸ್‌ನಿಂದ (ಆಸ್ಪತ್ರೆಗೆ ಸೇರದೆ ಪಡೆಯುವ ಇಂಥ ಚಿಕಿತ್ಸೆಗೆ ಹಣ ಕೊಡುವ ಭಾಗ) ಬರಬೇಕು. ಸುತ್ತಲಿನ ಜಿಪಿ ಕ್ಲಿನಿಕ್‌ಗಳಿಗೆ ಹೋಗಿ, ಪೊಡಿಯಾಟ್ರಿಗೆ ಯಾರಲ್ಲಿಗೆ ಕಳಿಸುತ್ತೀರಿ ಎಂದು ಪ್ರಾಕ್ಟೀಸ್ ನರ್ಸನ್ನು ಕೇಳಿ. ಒಳಗೇ ಒಬ್ಬರು ಕೂರುತ್ತಿದ್ದರೆ ಆ ಬಾಗಿಲಿನಿಂದ ನಿಮಗೆ ರೆಫರಲ್ ಬರುವುದು ಕಷ್ಟ.

ಈಗಿರುವ ಕ್ಲಿನಿಕ್‌ಗಳಿಗೆ ಫೋನ್ ಮಾಡಿ, ಹೊಸ ರೋಗಿಗೆ ಮೊದಲ ದಿನಾಂಕ ಯಾವಾಗ ಎಂದು ಕೇಳಿ. ವಾರಕ್ಕೊಂದು ಸಲದಂತೆ ಒಂದು ತಿಂಗಳು ಕೇಳಬೇಕು. ಮೂರು ವಾರ ಕಾಯಬೇಕು ಎಂದ ಕೂಡಲೇ ಹಿಗ್ಗಬೇಡಿ: ಪೊಡಿಯಾಟ್ರಿಸ್ಟ್ ವಾರಕ್ಕೆ ಎಷ್ಟು ದಿನ ಇರುತ್ತಾರೆ ಎಂದೂ ವಿಚಾರಿಸಿ. ಒಂದೇ ದಿನ ಬರುವವರ ಪಟ್ಟಿ ಹೇಗಿದ್ದರೂ ಉದ್ದವೇ. ಫಾರ್ಮಸಿಯ ಪಾದದ ಶೆಲ್ಫ್ ಮುಂದೆಯೂ ನಿಂತು ನೋಡಿ. ಆಣಿ ಪ್ಲಾಸ್ಟರ್ ಹೆಚ್ಚು ಹೋಗುತ್ತದೆಯೋ ಹಿಮ್ಮಡಿ ಪ್ಯಾಡೋ ಎಂದು ಫಾರ್ಮಸಿಸ್ಟ್ ಹೇಳಿದರೆ, ನಿಮಗೆ ಬರುವ ರೋಗಿಗಳು ಎಂಥವರು ಎಂದು ಅಂದಾಜಾಗುತ್ತದೆ.

ಇಷ್ಟಾದ ಮೇಲೂ ಮನಸ್ಸು ಟಾರ್ನೀಟ್ ಕಡೆಗೇ ಇದ್ದರೆ, ಮೊದಲು ಪೊಡಿಯಾಟ್ರಿಸ್ಟ್ ಇಲ್ಲದ ಜಿಪಿ ಕ್ಲಿನಿಕ್ಕಿನಲ್ಲಿ ವಾರಕ್ಕೊಂದು ದಿನ ರೂಮು ಬಾಡಿಗೆಗೆ ಹಿಡಿದು ಆರು ತಿಂಗಳು ನಡೆಸಿ. ಎಷ್ಟು ಹೊಸಬರು ಬಂದರು ಅನ್ನುವುದಕ್ಕಿಂತ, ಹೊರಡುವಾಗ ಮುಂದಿನ ದಿನಾಂಕ ಬರೆಸಿ ಹೋದವರು ಎಷ್ಟು ಎಂದು ಬರೆದಿಡಿ.