ಒಂದೇ ದಿನದಲ್ಲಿ ರವೆನ್ನಾ

ಪ್ರಶ್ನೆ: ಇಟಲಿಯ ಬೊಲೋನ್ಯಾದಿಂದ ಒಂದು ದಿನದ ಮಟ್ಟಿಗೆ ರವೆನ್ನಾಕ್ಕೆ ಹೋಗಿಬರಬೇಕೆಂದಿದ್ದೇನೆ. ಅಲ್ಲಿ ತಪ್ಪದೆ ನೋಡಬೇಕಾದದ್ದು ಯಾವುದು?

ಉತ್ತರ: ರೈಲಿನಲ್ಲಿ ಗಂಟೆಗಿಂತ ತುಸು ಹೆಚ್ಚಿನ ಪ್ರಯಾಣವಾದ್ದರಿಂದ ಒಂದು ದಿನ ಸಾಕು. ಮೊದಲು ಸಾನ್ ವಿಟಾಲೆ ಚರ್ಚಿಗೆ ಹೋಗಿ. 547ರಲ್ಲಿ ಪ್ರತಿಷ್ಠಾಪನೆಗೊಂಡ ಈ ಕಟ್ಟಡದಲ್ಲಿ ಪೂರ್ವ ರೋಮನ್ ಸಾಮ್ರಾಟ ಜಸ್ಟಿನಿಯನ್ ಮತ್ತು ಸಾಮ್ರಾಜ್ಞಿ ಥಿಯೊಡೋರಾ ಪರಿವಾರಸಮೇತ ಎದುರುಬದುರಾಗಿ ನಿಂತಿರುವ ಮೊಸಾಯಿಕ್ ಚಿತ್ರಗಳಿದ್ದು (ಬಣ್ಣದ ಚೂರುಗಳನ್ನು ಜೋಡಿಸಿ ಮಾಡಿದವು), ನೋಡುವವರು ಹೆಜ್ಜೆ ಸರಿಸಿದಂತೆಲ್ಲ ಗಾಜಿನ ಚೂರುಗಳ ಮೇಲಿನ ಬೆಳಕು ಬೇರೆಬೇರೆಯಾಗಿ ಮಿನುಗುತ್ತದೆ. ಪಕ್ಕದಲ್ಲಿರುವ, ರೋಮನ್ ಸಾಮ್ರಾಜ್ಞಿ ಗಾಲಾ ಪ್ಲಾಸಿಡಿಯಾಳ ಹೆಸರಿನ ಸಮಾಧಿಭವನ ಪುಟ್ಟದಾದರೂ ನನ್ನ ದೃಷ್ಟಿಯಲ್ಲಿ ಅದೇ ಈ ಊರಿನ ಜೀವಾಳ. ಕಣ್ಣು ಮಬ್ಬಿಗೆ ಹೊಂದಿಕೊಂಡ ಮೇಲೆ ಕಡುನೀಲಿ ಗುಮ್ಮಟದಲ್ಲಿ ನಕ್ಷತ್ರಗಳು ಒಂದೊಂದಾಗಿ ಮೂಡುತ್ತವೆ. ಒಳಗೆ ಹೆಚ್ಚು ಹೊತ್ತು ನಿಲ್ಲಲು ಬಿಡುವುದಿಲ್ಲವಾದ್ದರಿಂದ ಕ್ಯಾಮೆರಾವನ್ನು ದಯವಿಟ್ಟು ಬದಿಗಿಡಿ. 1321ರಲ್ಲಿ ಇಲ್ಲಿಯೇ ತೀರಿಕೊಂಡ ಕವಿ ದಾಂಟೆಯ ಸಮಾಧಿಯೂ ನಡೆದು ಹೋಗುವಷ್ಟು ಹತ್ತಿರದಲ್ಲಿದೆ.